ಹುಬ್ಬಳ್ಳಿ–ಧಾರವಾಡದ ಆಧುನಿಕ ಮನೆಗಳನ್ನು ನಡೆದು ನೋಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಅವಳಿನಗರಕ್ಕೆ ನೆಂಟರು ಬಂದರೆ ನಾವು ತೋರಿಸುವ ಸ್ಥಳಗಳು ಬಹುಮಟ್ಟಿಗೆ ಗೊತ್ತಿರುವವೇ: ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ಸಿದ್ಧಾರೂಢ ಮಠ, ಸಾಧನಕೇರಿ, ಧಾರವಾಡದ ಕರ್ನಾಟಕ ಕಾಲೇಜಿನ ಕಲ್ಲುಕಟ್ಟಡ. 1940ರಿಂದ 1975ರ ನಡುವೆ ಕಟ್ಟಿದ, ಚಪ್ಪಟೆ ಮಾಳಿಗೆಯ ಸಿಮೆಂಟಿನ ಮನೆಗಳು ಈ ಪಟ್ಟಿಗೆ ಸೇರುವುದೇ ಇಲ್ಲ. ಅವುಗಳ ಮುಂದೆ ದಿನಾಲೂ ಓಡಾಡುವ, ಎಷ್ಟೋ ಜನ ಅವುಗಳಲ್ಲಿಯೇ ಹುಟ್ಟಿ ಬೆಳೆದ ನಮಗೆ ಅವು ನಿಂತು ನೋಡಬೇಕಾದ ಕಟ್ಟಡಗಳೆಂದು ಅನ್ನಿಸುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಜಗತ್ತಿನ ವಾಸ್ತುಶಿಲ್ಪದಲ್ಲಿ ಆದ ದೊಡ್ಡ ಬದಲಾವಣೆ ನಮ್ಮ ಊರಿಗೆ ಬಂದು ತಲುಪಿದ್ದು ಈ ಮನೆಗಳ ಮೂಲಕವೇ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ಪ್ರಸಿದ್ಧ ವಾಸ್ತುಶಿಲ್ಪಿಯ ಹೆಸರು ಹಿಡಿದುಕೊಂಡು ಈ ಮನೆಗಳನ್ನು ಹುಡುಕಲು ಹೊರಟರೆ ನಿರಾಶೆಯೇ ಗತಿ. ಇವನ್ನು ಹೆಚ್ಚಾಗಿ ರೂಪಿಸಿದವರು ಎಂಜಿನಿಯರುಗಳು, ನಿವೃತ್ತ ಓವರ್‌ಸಿಯರುಗಳು, ನಕಾಶೆ ಬರೆಯುವ ಡ್ರಾಫ್ಟ್ಸ್‌ಮನ್ನರು ಮತ್ತು ಅವರು ಹೇಳಿದ್ದನ್ನು ತಮ್ಮ ಕೈಗುಣಕ್ಕೆ ಒಗ್ಗಿಸಿಕೊಂಡು ಕಟ್ಟಿದ ಗವಂಡಿಗಳು. ಹೆಸರಿಲ್ಲದ ಈ ಕೆಲಸವನ್ನು ಅದರ ವಿವರಗಳಿಂದಲೇ ಓದಬೇಕಾಗುತ್ತದೆ, ಮತ್ತು ಆ ಓದಿಗೆ ಎಲ್ಲಕ್ಕಿಂತ ಒಳ್ಳೆಯ ಆರಂಭ ಛಜ್ಜಾ, ಅಂದರೆ ಬಿಸಿಲು–ಮಳೆ ತಡೆಯಲು ಕಿಟಕಿಯ ಮೇಲೆ ಹೊರಚಾಚಿದ ಹಲಗೆ, ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೂ ಮೊದಲು ಸ್ವಲ್ಪ ಸಿದ್ಧತೆ ಬೇಕು.

ಮೊದಲ ಹಂತ: ಕಾಲಕ್ರಮವನ್ನು ತಲೆಯಲ್ಲಿ ಇಟ್ಟುಕೊಳ್ಳಿ

ಜರ್ಮನಿಯಲ್ಲಿ ಬೌಹೌಸ್ ಎಂಬ ಆಧುನಿಕ ವಿನ್ಯಾಸದ ಶಾಲೆ ಆರಂಭವಾದದ್ದು 1919ರಲ್ಲಿ. ಅಲಂಕಾರದ ಕಲೆಗಳ ದೊಡ್ಡ ಪ್ರದರ್ಶನ ಪ್ಯಾರಿಸ್ಸಿನಲ್ಲಿ ನಡೆದದ್ದು 1925ರಲ್ಲಿ, ಆರ್ಟ್ ಡೆಕೊ ಎಂಬ ಶೈಲಿಗೆ ಹೆಸರು ಬಂದದ್ದು ಅದರಿಂದ. ಅದೇ ದಶಕದಲ್ಲಿ ಲ ಕಾರ್ಬೂಸಿಯೆ ಎಂಬ ವಾಸ್ತುಶಿಲ್ಪಿ ಹೊಸ ವಾಸ್ತುಶಿಲ್ಪದ ಐದು ಸೂತ್ರಗಳನ್ನು ಮುಂದಿಟ್ಟನು: ನೆಲದಿಂದ ಕಟ್ಟಡವನ್ನು ಎತ್ತಿ ಹಿಡಿಯುವ ಕಂಬಗಳು, ಗೋಡೆಯ ಹಂಗಿಲ್ಲದ ಒಳವಿನ್ಯಾಸ, ಭಾರ ಹೊರದ ಮುಂಭಾಗ, ಉದ್ದಕ್ಕೆ ಹರಿದ ಕಿಟಕಿ ಮತ್ತು ಮಾಳಿಗೆಯ ಮೇಲಿನ ತೋಟ. 1930ರ ದಶಕದಲ್ಲಿ ಮುಂಬಯಿಯ ಮರೀನ್ ಡ್ರೈವ್ ಮತ್ತು ಓವಲ್ ಮೈದಾನದ ಸುತ್ತ ಆರ್ಟ್ ಡೆಕೊ ಕಟ್ಟಡಗಳು ಸಾಲಾಗಿ ಎದ್ದವು. ಅವುಗಳಲ್ಲಿ ಓವಲ್ ಮೈದಾನದ ಸಾಲು ಮತ್ತು ಅದಕ್ಕೆ ಹೊಂದಿಕೊಂಡ ಮರೀನ್ ಡ್ರೈವಿನ ಭಾಗ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರವರೆಗೂ ಅದು ಮುಂಬಯಿ ರಾಜ್ಯದ ಭಾಗವೇ ಆಗಿತ್ತು. ನಮ್ಮ ವಕೀಲರು, ಅರಳೆ ವ್ಯಾಪಾರಿಗಳು, ಸರಕಾರಿ ಅಧಿಕಾರಿಗಳು ಕೋರ್ಟು, ಕಾಲೇಜು, ಪೇಟೆಗಳಿಗಾಗಿ ಪುಣೆ–ಮುಂಬಯಿಗಳಿಗೆ ಹೋಗಿಬರುತ್ತಿದ್ದರು. ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆ 1929ರಲ್ಲಿ ಇಂದಿನ ಹೆಸರು ಪಡೆದದ್ದೂ ಮುಂಬಯಿಯಲ್ಲಿಯೇ. ಬೆಂಗಳೂರಿನ ಆಧುನಿಕ ಕಟ್ಟಡಗಳ ಕಥೆ ಬೇರೆ ದಾರಿಯದು: ಜರ್ಮನಿಯಿಂದ ಹೊರಬಿದ್ದ ಓಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದು ಅಲ್ಲಿ ಒಂದು ಮಾದರಿ ಹಾಕಿಕೊಟ್ಟನು. ಬೆಂಗಳೂರಿನ ಬಗ್ಗೆ ಓದಿದ್ದನ್ನು ಹಾಗೆಯೇ ತಂದು ಹುಬ್ಬಳ್ಳಿಗೆ ಹೊಂದಿಸುವುದು ಸರಿಯಲ್ಲ ಎಂಬುದಕ್ಕೆ ಇದು ಕಾರಣ.

ಶೈಲಿಗಿಂತ ಹೆಚ್ಚು ಮುಖ್ಯವಾದದ್ದು ಸಿಮೆಂಟಿನ ಕಥೆ. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎಸಿಸಿ ಎಂಬ ದೊಡ್ಡ ಕಂಪನಿ ಹುಟ್ಟಿತು. ಅವುಗಳಲ್ಲಿ ನಮ್ಮ ಮೂಡಲ ದಿಕ್ಕಿನ ಶಹಾಬಾದದ ಕಾರ್ಖಾನೆಯೂ ಒಂದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಮೆಂಟಿನ ಮೇಲೆ ಬಂದ ಸರಕಾರಿ ನಿಯಂತ್ರಣ ಭಾಗಶಃ ಸಡಿಲವಾದದ್ದು 1982ರಲ್ಲಿ, ಪೂರ್ತಿ ಹೋದದ್ದು 1989ರಲ್ಲಿ. ನಡುವಿನ ದಶಕಗಳಲ್ಲಿ ಮನೆ ಕಟ್ಟಿಸುವವರು ಪರ್ಮಿಟ್ಟಿಗಾಗಿ ಕಾಯಬೇಕಾಗುತ್ತಿತ್ತು, ಸಿಕ್ಕ ಚೀಲಗಳನ್ನು ಎಣಿಸಿ ಬಳಸಬೇಕಾಗುತ್ತಿತ್ತು. ಹೀಗಾಗಿ ಗೋಡೆಗೆ ಕಲ್ಲು ಅಥವಾ ಇಟ್ಟಂಗಿ, ಮೇಲಿನ ಸ್ಲ್ಯಾಬಿಗೆ, ಛಜ್ಜಾಕ್ಕೆ ಮತ್ತು ತೊಲೆಗೆ ಮಾತ್ರ ಆರ್‌ಸಿಸಿ (ಕಬ್ಬಿಣದ ಸರಳು ಹುದುಗಿಸಿದ ಕಾಂಕ್ರೀಟು) ಎಂಬ ಲೆಕ್ಕ ನಮ್ಮಲ್ಲಿ ಗಟ್ಟಿಯಾಯಿತು. ಕಾರ್ಬೂಸಿಯೆಯ ಐದು ಸೂತ್ರಗಳಲ್ಲಿ ನಮ್ಮ ಮನೆಗಳಿಗೆ ಸಲೀಸಾಗಿ ಬಂದದ್ದು ಚಪ್ಪಟೆ ಮಾಳಿಗೆ ಒಂದೇ. ಅಲ್ಲಿ ತೋಟದ ಬದಲು ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿದವು.

ಎರಡನೆಯ ಹಂತ: ಒಂದೇ ಬಡಾವಣೆಯನ್ನು ಆರಿಸಿಕೊಳ್ಳಿ

ಒಂದು ಮುಂಜಾನೆಗೆ ಒಂದು ಬಡಾವಣೆ, ಅದರಲ್ಲಿಯೂ ನಾಲ್ಕೈದು ಓಣಿ ಸಾಕು. ಊರೆಲ್ಲ ಸುತ್ತಿದರೆ ಕಾಲು ನೋಯುತ್ತದೆಯೇ ಹೊರತು ಕಣ್ಣಿಗೆ ಏನೂ ದಕ್ಕುವುದಿಲ್ಲ.

ಮೊದಲ ನಡಿಗೆಗೆ ಹುಬ್ಬಳ್ಳಿಯ ವಿದ್ಯಾನಗರವನ್ನು ಸೂಚಿಸುತ್ತೇನೆ. ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು 1947ರಲ್ಲಿ, ಕರ್ನಾಟಕ ವೈದ್ಯಕೀಯ ಕಾಲೇಜು 1957ರಲ್ಲಿ ಆರಂಭವಾದವು. ಈ ಎರಡು ಸಂಸ್ಥೆಗಳ ನೆರಳಿನಲ್ಲಿ ಬೆಳೆದ ಬಡಾವಣೆಯಾದ್ದರಿಂದ ಅಧ್ಯಾಪಕರು, ವೈದ್ಯರು, ಅಧಿಕಾರಿಗಳು ಸ್ವಂತಕ್ಕೆಂದು ಕಟ್ಟಿಸಿದ ಮನೆಗಳನ್ನು ಇಲ್ಲಿ ಹುಡುಕಬಹುದು. ಓಣಿಗಳು ನೇರ, ಮನೆಯ ಮುಂದೆ ಅಂಗಳ, ರಸ್ತೆಯಿಂದ ನಿಂತು ನೋಡಲು ಅನುಕೂಲ. ಚಿಗರಿ ಬಸ್ಸಿನಲ್ಲಿ ಬಂದು ಇಳಿದರೆ ಗಾಡಿ ನಿಲ್ಲಿಸುವ ಚಿಂತೆಯೂ ಇರುವುದಿಲ್ಲ. ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಅಂಚಿನಲ್ಲಿ ಮಾತ್ರ ಸಮಯ ಕಳೆಯಬೇಡಿ; ರಸ್ತೆ ಅಗಲೀಕರಣದಲ್ಲಿ ಅಲ್ಲಿನ ಹಲವು ಕಟ್ಟಡಗಳ ಮುಂಭಾಗವೇ ಹೋಗಿದೆ. ಒಳಓಣಿಗಳಿಗೆ ತಿರುಗಿ.

ಎರಡನೆಯ ನಡಿಗೆಗೆ ದೇಶಪಾಂಡೆ ನಗರ ಒಳ್ಳೆಯದು, ಅಲ್ಲಿಯ ನಿವೇಶನಗಳು ದೊಡ್ಡವು. ಅಂಗಡಿ ಕೆಳಗೆ, ಮನೆ ಮೇಲೆ ಎಂಬ ಕ್ರಮವನ್ನು ನೋಡಬೇಕಾದವರು ಕೊಪ್ಪಿಕರ್ ರಸ್ತೆ ಮತ್ತು ಸ್ಟೇಷನ್ ರಸ್ತೆಗಳಿಗೆ ಭಾನುವಾರ ಬೆಳಿಗ್ಗೆ, ಬಾಗಿಲುಗಳು ಎತ್ತುವ ಮೊದಲು ಹೋಗಬೇಕು. ಉಳಿದ ದಿನ ಬೋರ್ಡು, ಬ್ಯಾನರು, ಜನಸಂದಣಿಗಳ ನಡುವೆ ಕಟ್ಟಡ ಕಾಣುವುದೇ ಇಲ್ಲ.

ಧಾರವಾಡದಲ್ಲಿ ಸಪ್ತಾಪುರ ಮತ್ತು ಮಾಳಮಡ್ಡಿಗಳನ್ನು ಒಂದರ ಹಿಂದೆ ಒಂದು ನೋಡಿದರೆ ಹೋಲಿಕೆಗೆ ಅನುಕೂಲ. ಮಾಳಮಡ್ಡಿಯಲ್ಲಿ ಮಂಗಳೂರು ಹಂಚಿನ ಇಳಿಜಾರು ಸೂರಿನ ಬಂಗಲೆಗಳ ಹಳೆಯ ಪದರ ಇನ್ನೂ ಉಳಿದಿದೆ. ಈ ಹಂಚಿನ ಉದ್ಯಮವನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ್ದು 1865ರಲ್ಲಿ. ಸಪ್ತಾಪುರದ ಕಡೆಗೆ ನಡೆದಂತೆ ಚಪ್ಪಟೆ ಮಾಳಿಗೆಗಳು ಹೆಚ್ಚುತ್ತವೆ. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ, ಆಕಾಶವಾಣಿ ಕೇಂದ್ರ ಬಂದದ್ದು 1950ರ ಜನವರಿ 8ರಂದು. ಸಂಬಳದಾರ ವರ್ಗವೊಂದು ಊರಿನಲ್ಲಿ ಬೆಳೆದು, ತನಗೆ ಬೇಕಾದ ಬಗೆಯ ಮನೆ ಕಟ್ಟಿಸಿಕೊಂಡ ಕಾಲ ಅದು. ಎರಡೂ ಶೈಲಿ ಬೆರೆತ ಮನೆ ಸಿಕ್ಕರೆ ಬಿಡಬೇಡಿ: ಮುಂದಿನ ಎರಡು ಖೋಲಿಗೆ ಸ್ಲ್ಯಾಬು, ಹಿಂದಿನ ಅಡಿಗೆಮನೆ ಮತ್ತು ಪಡಸಾಲೆಗೆ ಹಂಚು. ಕೈಯಲ್ಲಿದ್ದ ಸಿಮೆಂಟು ಎಲ್ಲಿಯವರೆಗೆ ಬಂತು ಎಂಬುದನ್ನು ಆ ಗೆರೆಯೇ ಹೇಳುತ್ತದೆ.

ಮೂರನೆಯ ಹಂತ: ಋತು ಮತ್ತು ಹೊತ್ತು

ನವೆಂಬರಿನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಪ್ರಶಸ್ತ. ಮುಂಜಾನೆ ಏಳರಿಂದ ಒಂಬತ್ತೂವರೆಯವರೆಗೆ ಬಿಸಿಲು ಓರೆಯಾಗಿ ಬಿದ್ದು ಪೂರ್ವದ ಮುಖಗಳ ಗೆರೆ, ಅಂಚು, ತಗ್ಗುಗಳನ್ನು ಎತ್ತಿ ತೋರಿಸುತ್ತದೆ. ಪಶ್ಚಿಮಮುಖದ ಮನೆಗಳಿಗೆ ಸಂಜೆ ಮತ್ತೆ ಬರಬೇಕು.

ಮಳೆಗಾಲದಲ್ಲಿಯೂ ಒಮ್ಮೆ ಹೋಗಬೇಕೆಂಬುದು ನನ್ನ ಸಲಹೆ. ಮುಂಗಾರು ನೈರುತ್ಯದಿಂದ ಬೀಸುವುದರಿಂದ ಪಡುವಣ ಮತ್ತು ತೆಂಕಣ ಗೋಡೆಗಳ ಮೇಲೆ ನೀರು ಹೊಡೆಯುತ್ತದೆ. ಯಾವ ಛಜ್ಜಾ ನೀರನ್ನು ದೂರ ಚೆಲ್ಲುತ್ತದೆ, ಯಾವುದು ಗೋಡೆಗೇ ಇಳಿಸುತ್ತದೆ ಎಂಬುದು ಐದು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ. ಕೊಡೆ, ನೀರಿನ ಬಾಟಲಿ, ಪಟ್ಟಿ ಹಾಕದ ನೋಟುಪುಸ್ತಕ, ಪೆನ್ಸಿಲ್, ದಿಕ್ಸೂಚಿ ಇರುವ ಫೋನು: ಇಷ್ಟು ಸಾಮಾನು ಸಾಕು.

ನಾಲ್ಕನೆಯ ಹಂತ: ಛಜ್ಜಾದಿಂದ ಓದಲು ಆರಂಭಿಸಿ

ಮನೆಯ ಎದುರಿನ ರಸ್ತೆಯಂಚಿನಲ್ಲಿ ನಿಂತು, ದಿಕ್ಸೂಚಿ ನೋಡಿ ಮುಖ ಯಾವ ದಿಕ್ಕಿಗಿದೆ ಎಂದು ಬರೆದುಕೊಳ್ಳಿ. ಆಮೇಲೆ ಕಿಟಕಿಗಳ ಮೇಲೆ ಚಾಚಿಕೊಂಡ ಕಾಂಕ್ರೀಟ್ ಹಲಗೆಯನ್ನು ನೋಡಿ. ಹಳೆಯ ಕಲ್ಲುಕಟ್ಟಡದಲ್ಲಿ ಇಂಥ ಚಾಚು ಬೇಕಾದರೆ ಕೆಳಗೆ ಆನಿಕೆಯ ಕಲ್ಲು ಅಥವಾ ಕಟ್ಟಿಗೆಯ ಬ್ರಾಕೆಟ್ಟು ಇರಲೇಬೇಕಿತ್ತು. ಕೆಳಗೆ ಏನೂ ಆನಿಕೆಯಿಲ್ಲದೆ ಎರಡು ಅಡಿ ಹೊರಗೆ ನಿಂತ ತೆಳುವಾದ ಹಲಗೆ ಕಬ್ಬಿಣದ ಸರಳಿನಿಂದ ಸಾಧ್ಯವಾಯಿತು. ಚಾಚಿದ ಹಲಗೆಯ ಮೇಲ್ಭಾಗ ಎಳೆತಕ್ಕೆ ಒಳಗಾಗುತ್ತದೆ. ಕಾಂಕ್ರೀಟಿಗೆ ಒತ್ತುವಿಕೆ ತಾಳುವ ಶಕ್ತಿ ಉಂಟು, ಎಳೆತ ತಾಳುವ ಶಕ್ತಿ ಕಡಿಮೆ. ಆದ್ದರಿಂದ ಮುಖ್ಯ ಸರಳುಗಳು ಛಜ್ಜಾದ ಮೇಲಿನ ಮೈಯ ಹತ್ತಿರ ಇರಬೇಕು. ಸ್ಲ್ಯಾಬಿನ ನಡುವೆ ಇದಕ್ಕೆ ತಿರುವುಮುರುವು, ಅಲ್ಲಿ ಸರಳು ಕೆಳಮೈಗೆ ಬರುತ್ತದೆ. ಇದನ್ನು ಅರಿಯದ ಕೈ ಸರಳನ್ನು ಕೆಳಗೆ ಹಾಕಿದ್ದರೆ ಛಜ್ಜಾ ಗೋಡೆಗೆ ಸೇರುವ ಕಡೆ ಬಿರುಕು ಬಿಟ್ಟು ಮುಂದಕ್ಕೆ ಜೋಲುತ್ತದೆ.

ಇನ್ನು ಅಳತೆ. ಬಾಗಿಲು–ಕಿಟಕಿಗಳ ಮೇಲಂಚು ಸಾಮಾನ್ಯವಾಗಿ ನೆಲದಿಂದ ಏಳು ಅಡಿಗೆ ಇರುವುದರಿಂದ ಅದನ್ನೇ ಅಳತೆಗೋಲು ಮಾಡಿಕೊಂಡು ಉಳಿದ ಎತ್ತರ ಮತ್ತು ಚಾಚುಗಳನ್ನು ಕಣ್ಣಂದಾಜಿನಲ್ಲಿ ಬರೆಯಬಹುದು. ನಮ್ಮ ಊರುಗಳು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ ಕೊನೆಯ ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ದಕ್ಷಿಣದ ಗೋಡೆಯ ಎರಡು ಅಡಿ ಛಜ್ಜಾ ಸುಮಾರು ಎರಡೂವರೆ ಅಡಿ ಕೆಳಗಿನವರೆಗೆ ನೆರಳು ಕೊಡುತ್ತದೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರದ ಸುಮಾರಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಜೂನ್ ನಡುವೆ ಎಂಟು ಡಿಗ್ರಿಯಷ್ಟು ಉತ್ತರಕ್ಕೆ ವಾಲುತ್ತಾನೆ. ಗಡಿಯಾರದಲ್ಲಿ ನಮ್ಮ ನಡುಹಗಲು ಹನ್ನೆರಡಕ್ಕೆ ಬಾರದೆ ಹನ್ನೆರಡೂವರೆಯ ಆಸುಪಾಸಿಗೆ ಬರುತ್ತದೆ ಎಂಬುದನ್ನೂ ನೆನಪಿಡಿ. ಉತ್ತರದ ಕಿಟಕಿಗೂ ಸಣ್ಣದೊಂದು ಛಜ್ಜಾ ಇರುವುದು ಮಳೆಗಾಗಿಯಷ್ಟೇ ಅಲ್ಲ, ಈ ತಿಂಗಳುಗಳ ಬಿಸಿಲಿಗಾಗಿಯೂ ಹೌದು.

ಪಡುವಣ ಗೋಡೆಯ ವಿಷಯ ಬೇರೆ. ಇಳಿಹೊತ್ತಿನ ಸೂರ್ಯ ಛಜ್ಜಾದ ಅಡಿಯಿಂದಲೇ ಒಳಗೆ ನುಗ್ಗುವುದರಿಂದ ಎಷ್ಟು ಅಡ್ಡ ಚಾಚಿದರೂ ಪ್ರಯೋಜನವಿಲ್ಲ. ಅದನ್ನು ತಡೆಯಲು ಲಂಬವಾಗಿ ನಿಂತ ಹಲಗೆಗಳು ಬೇಕು. 1950ರ ದಶಕದ ಆರಂಭದಲ್ಲಿ ಕಾರ್ಬೂಸಿಯೆ ಚಂಡೀಗಡದ ಕೆಲಸ ಹಿಡಿದ ಮೇಲೆ ಇಂಥ ಬಿಸಿಲುತಡೆಗಳು ದೇಶದ ಸರಕಾರಿ ಕಚೇರಿ, ಕಾಲೇಜುಗಳಲ್ಲೆಲ್ಲ ಹಬ್ಬಿದವು. ನಿಮ್ಮ ನಡಿಗೆಯಲ್ಲಿ ಕಿಟಕಿಯ ಎರಡೂ ಬದಿಗೆ ಹಲಗೆ ಬಂದು, ಮೇಲಿನ ಛಜ್ಜಾದೊಡನೆ ಕೂಡಿ ಪೆಟ್ಟಿಗೆಯಾಗಿದ್ದರೆ ಅದು ಯಾವ ದಿಕ್ಕಿನ ಗೋಡೆ ಎಂದು ಕೂಡಲೇ ನೋಡಿ. ಪಡುವಣದಲ್ಲಿದ್ದರೆ ಲೆಕ್ಕ ತಿಳಿದವರ ಕೆಲಸ. ಬೀದಿಗೆ ಮುಖ ಮಾಡಿದ ಕಡೆ ಮಾತ್ರ ಇದ್ದು, ಬಿಸಿಲು ಹೊಡೆಯುವ ಕಡೆ ಇಲ್ಲದಿದ್ದರೆ ಅದು ಬರೀ ಶೋಕಿ. ಎರಡೂ ನಮ್ಮಲ್ಲಿ ಧಾರಾಳವಾಗಿ ಸಿಗುತ್ತವೆ.

ಆಕಾರದಿಂದ ದಶಕವನ್ನು ಊಹಿಸುವುದು ಮುಂದಿನ ಅಭ್ಯಾಸ. ಮೂಲೆಯಲ್ಲಿ ದುಂಡಾಗಿ ತಿರುಗಿ ಎರಡು ಗೋಡೆಗೂ ಹುಬ್ಬಿನಂತೆ ಹಬ್ಬಿದ ಛಜ್ಜಾ, ಅದರ ಅಂಚಿನಲ್ಲಿ ಎರಡು ಮೂರು ಸಮಾನಾಂತರ ಗೆರೆಗಳು, ಮೇಲೆ ಮೆಟ್ಟಿಲಿನಾಕಾರದ ಪ್ಯಾರಾಪೆಟ್ಟು (ಮಾಳಿಗೆಯ ಅಂಚಿನ ಮೋಟುಗೋಡೆ): ಇವು ಮುಂಬಯಿಯ ಆರ್ಟ್ ಡೆಕೊದಿಂದ ಬಂದ ಗುರುತುಗಳು, 1930ರ ಕೊನೆಯಿಂದ 1950ರ ದಶಕದವರೆಗೆ ಸಾಮಾನ್ಯ. ಗೆರೆ, ಬಳುಕು ಎಲ್ಲ ಬಿಟ್ಟು ಮನೆಯ ಅಗಲಕ್ಕೂ ಒಂದೇ ಪಟ್ಟಿಯಂತೆ ಹರಿದ ಚೌಕಟ್ಟಾದ ಛಜ್ಜಾ ಆಮೇಲಿನದು. 1970ರ ದಶಕಕ್ಕೆ ಬಂದಂತೆ ಛಜ್ಜಾದ ಮುಂದಂಚು ಒಂದೂವರೆ ಅಡಿ ಎತ್ತರದ ದಪ್ಪ ಪಟ್ಟಿಯಾಗುತ್ತದೆ, ಕೆಲವೆಡೆ ಓರೆಯಾಗಿ ಬಾಗುತ್ತದೆ. ಹಳ್ಳಿಗೆ ಶೈಲಿ ತಡವಾಗಿ ತಲುಪುವಂತೆ ಊರಿನ ಅಂಚಿನ ಬಡಾವಣೆಗೂ ಹತ್ತು ವರ್ಷ ತಡವಾಗಿ ತಲುಪಿರಬಹುದು, ಆದ್ದರಿಂದ ಆಕಾರವೊಂದನ್ನೇ ನಂಬಿ ಇಸವಿ ಬರೆಯಬೇಡಿ.

ಕೊನೆಗೆ ಛಜ್ಜಾದ ಅಡಿಮೈ. ಮುಂದಂಚಿನಿಂದ ಒಂದೆರಡು ಇಂಚು ಒಳಗೆ ಬೆರಳಗಲದ ಸಣ್ಣ ಕಾಲುವೆ ಉದ್ದಕ್ಕೂ ಕೊರೆದಿದೆಯೇ ನೋಡಿ. ಅಡಿಮೈಗೆ ಅಂಟಿಕೊಂಡು ಗೋಡೆಯತ್ತ ಹರಿಯುವ ನೀರು ಆ ಕಾಲುವೆ ದಾಟಲಾರದೆ ಕೆಳಗೆ ತೊಟ್ಟಿಕ್ಕುತ್ತದೆ. ಅದಿರುವ ಮನೆಯ ಕಿಟಕಿಯ ಮೇಲೆ ಕಪ್ಪು ಪಾಚಿಯ ಕಲೆ ಕಡಿಮೆ, ಇಲ್ಲದ ಮನೆಯಲ್ಲಿ ಹೆಚ್ಚು. ಗಿಲಾವ್ (ಗೋಡೆಗೆ ಗಾರೆ ಬಳಿಯುವ ಕೆಲಸ) ಮಾಡುವಾಗ ಅರ್ಧ ದಿನ ಹೆಚ್ಚು ಬೇಡುವ ಈ ಚಿಕ್ಕ ಕೆಲಸವನ್ನು ಇತ್ತೀಚಿನ ಮನೆಗಳಲ್ಲಿ ಎಷ್ಟು ಜನ ಮಾಡಿಸುತ್ತಾರೆಂದು ಅದೇ ಓಣಿಯಲ್ಲಿ ಹೋಲಿಸಿ ನೋಡಬಹುದು.

ಐದನೆಯ ಹಂತ: ಮೆಟ್ಟಿಲು, ಜಾಳಿ, ಗ್ರಿಲ್

ಛಜ್ಜಾ ಆದ ಮೇಲೆ ಮನೆಯ ಅತಿ ಎತ್ತರದ ಭಾಗಕ್ಕೆ ಕಣ್ಣು ಹಾಯಿಸಿ. ಮಾಳಿಗೆಗೆ ಹೋಗುವ ಮೆಟ್ಟಿಲನ್ನು ಮುಚ್ಚಿದ ಖೋಲಿ ಹೆಚ್ಚಿನ ಮನೆಗಳಲ್ಲಿ ಗೋಪುರದಂತೆ ಮೇಲೆದ್ದಿರುತ್ತದೆ. ಅಡ್ಡಡ್ಡ ಹರಿದ ಛಜ್ಜಾದ ಗೆರೆಗಳಿಗೆ ಎದುರಾಗಿ ಇದೊಂದು ನಿಂತ ಗೆರೆ. ಮುಂಭಾಗದ ಸಮತೋಲವೆಲ್ಲ ಈ ಎರಡರ ಜಗ್ಗಾಟದಲ್ಲಿದೆ. ಮೆಟ್ಟಿಲ ಗೋಡೆಗೆ ನೆಲದಿಂದ ತುದಿಯವರೆಗೆ ಕಿರಿದಾದ ಉದ್ದ ಜಾಳಿ (ಗಾಳಿ–ಬೆಳಕಿಗೆ ತೂತು ಬಿಟ್ಟ ತಡಿಕೆ) ಕೂರಿಸಿದ್ದರೆ ಹಗಲು ದೀಪವಿಲ್ಲದೆ ಹತ್ತಿಳಿಯಲು ಬೆಳಕು, ಮನೆಯೊಳಗಿನ ಬಿಸಿಗಾಳಿ ಮೇಲೇರಿ ಹೊರಹೋಗಲು ದಾರಿ, ಎರಡೂ ದೊರೆಯುತ್ತವೆ.

ಜಾಳಿಯ ವಿನ್ಯಾಸವನ್ನು ಎದುರಿನಿಂದ ಚಿತ್ರ ಬರೆದುಕೊಳ್ಳಿ. ಅಚ್ಚಿಗೆ ಸಿಮೆಂಟು ಸುರಿದು ಮಾಡಿದ ಚೌಕಗಳಾದರೆ ಅದೇ ನಮೂನೆ ಎರಡು ಓಣಿ ಆಚೆ ಮತ್ತೆ ಸಿಗುತ್ತದೆ, ಒಂದೇ ಅಚ್ಚಿನ ಮಾಲು ಎಂದು ತಿಳಿಯುತ್ತದೆ. ಇಂಥ ಪುನರಾವರ್ತನೆಗಳನ್ನು ನಕಾಶೆಯ ಮೇಲೆ ಗುರುತಿಸುತ್ತ ಹೋದರೆ ಒಬ್ಬನೇ ಗುತ್ತಿಗೆದಾರ ಅಥವಾ ಒಬ್ಬನೇ ಗವಂಡಿ ಎಲ್ಲೆಲ್ಲಿ ಕೆಲಸ ಮಾಡಿದ್ದಾನೆಂಬ ಅಂದಾಜು ಸಿಗುತ್ತದೆ. ಹೆಸರಿಲ್ಲದ ಕೈಗಳನ್ನು ಪತ್ತೆಹಚ್ಚಲು ಇದಕ್ಕಿಂತ ಉತ್ತಮ ಉಪಾಯ ನನಗೆ ಕಂಡಿಲ್ಲ. ಗೇಟು ಮತ್ತು ಕಿಟಕಿಯ ಗ್ರಿಲ್ಲುಗಳಲ್ಲಿಯೂ ಉದಯಿಸುವ ಸೂರ್ಯನ ಕಿರಣ, ಅಲೆ, ಅರ್ಧವೃತ್ತಗಳನ್ನು ಹೀಗೆಯೇ ಬರೆದುಕೊಳ್ಳಬಹುದು.

ಮನೆಯ ಮೂಲೆಯಲ್ಲಿ ಎರಡೂ ಗೋಡೆಗೆ ತಿರುಗಿದ ಕಿಟಕಿ ಕಂಡರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಿ. ಕಲ್ಲಿನ ಮನೆಯಲ್ಲಿ ಮೂಲೆಯೇ ಎಲ್ಲಕ್ಕಿಂತ ಗಟ್ಟಿ ಇರಬೇಕಾದ ಭಾಗ. ಅದನ್ನೇ ಬಯಲು ಮಾಡಿ ಮೇಲಿನ ಭಾರವನ್ನು ತೊಲೆಯ ಮೇಲೆ ಹೊರಿಸುವುದಕ್ಕೆ ಲೆಕ್ಕ ಬಲ್ಲ ಎಂಜಿನಿಯರು ಮತ್ತು ಅವನನ್ನು ನಂಬುವ ಮಾಲೀಕ ಇಬ್ಬರೂ ಬೇಕಾಗಿತ್ತು.

ಆರನೆಯ ಹಂತ: ಗೋಡೆ, ನೆಲ, ಬಿರುಕು

ಗಿಲಾವ್ ಉದುರಿದ ಕಡೆ ಗೋಡೆಯ ಒಡಲು ಕಾಣುತ್ತದೆ. ಕಲ್ಲೋ ಇಟ್ಟಂಗಿಯೋ, ಸುಣ್ಣದ ಗಾರೆಯೋ ಸಿಮೆಂಟೋ ಎಂದು ಬರೆದುಕೊಳ್ಳಿ. ಸುಣ್ಣದ ಗಾರೆ ಬೆಳ್ಳಗೆ, ಉಗುರಿಗೆ ಪುಡಿಯಾಗುವಷ್ಟು ಮೆತ್ತಗೆ ಇರುತ್ತದೆ. ಕಿಟಕಿಯ ಪಕ್ಕದಲ್ಲಿ ಗೋಡೆಯ ದಪ್ಪ ಒಂದೂಕಾಲು ಒಂದೂವರೆ ಅಡಿ ಇದ್ದರೆ ಕಲ್ಲು, ಒಂಬತ್ತು ಇಂಚಿನ ಆಸುಪಾಸಾದರೆ ಇಟ್ಟಂಗಿ ಎಂದು ಹೊರಗಿನಿಂದಲೇ ಊಹಿಸಬಹುದು.

ಛಜ್ಜಾದ ಅಡಿಯಲ್ಲಿ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಬಿದ್ದು ಸರಳು ಹೊರಬಂದಿದ್ದರೆ ಅದರ ಮೈಯನ್ನು ದೂರದಿಂದಲೇ ಗಮನಿಸಿ. ಅದರ ಕೆಳಗೆ ಮಾತ್ರ ನಿಲ್ಲಬೇಡಿ. ನುಣುಪಾದ ದುಂಡು ಸರಳು ಹಳೆಯದು. ಹಗ್ಗದಂತೆ ತಿರುಚಿದ ಏಣುಗಳಿರುವ ಟಾರ್ ಸ್ಟೀಲು 1960ರ ದಶಕದ ನಂತರ ಬಳಕೆಗೆ ಬಂದದ್ದು, ಇಂದಿನ ಟಿಎಂಟಿ ಅದಕ್ಕೂ ಆಮೇಲಿನದು. ಹೊಸ ಕಾಂಕ್ರೀಟಿನ ಕ್ಷಾರಗುಣ ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಆ ಗುಣವನ್ನು ಕುಂದಿಸುತ್ತದೆ; ಆಮೇಲೆ ತೇವ ತಾಗಿದರೆ ತುಕ್ಕು ಹುಟ್ಟಿ, ಉಬ್ಬಿ, ಮೇಲಿನ ಪದರವನ್ನು ತಳ್ಳಿ ಬೀಳಿಸುತ್ತದೆ. ತೆಳುವಾದ ಛಜ್ಜಾಗಳಿಗೆ ಈ ರೋಗ ಮೊದಲು ಬರುವುದು ಸಹಜ, ಅಲ್ಲಿ ಸರಳಿನ ಮೇಲಿನ ಮುಚ್ಚಿಗೆಯೇ ಕಡಿಮೆ.

ಹುಬ್ಬಳ್ಳಿಯ ಎರಿ (ಕಪ್ಪು) ಮಣ್ಣಿನ ಭಾಗದಲ್ಲಿ ಇನ್ನೊಂದು ಬಗೆಯ ಬಿರುಕು ಕಾಣಿಸುತ್ತದೆ: ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೋ ಕೆಳಕ್ಕೋ ಹರಿದದ್ದು. ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುವ ಆ ಮಣ್ಣು ಪಾಯವನ್ನು ಒಂದೇ ಸಮನಾಗಿ ಎತ್ತಿ ಇಳಿಸುವುದಿಲ್ಲ. ಮುರುಮಿನ ನೆಲ ಹೆಚ್ಚಿರುವ ಧಾರವಾಡದ ಎತ್ತರದ ಭಾಗಗಳಲ್ಲಿ ಈ ತಾಪತ್ರಯ ಕಡಿಮೆ.

ಒಳಗೆ ಕರೆದರೆ ಮೊದಲು ನೆಲ ನೋಡಿ. ಶಹಾಬಾದಿ ಫರಸಿ, ಬಣ್ಣದ ನಮೂನೆಯ ಸಿಮೆಂಟ್ ಟೈಲು, ಅಮೃತಶಿಲೆಯ ಚೂರು ಬೆರೆಸಿ ಉಜ್ಜಿದ ಮೊಸಾಯಿಕ್: ಇವು ಒಂದೇ ಮನೆಯ ಬೇರೆ ಬೇರೆ ಖೋಲಿಗಳಲ್ಲಿರಬಹುದು. ಬಂದವರು ಕೂರುವ ಹಾಲಿಗೆ ಮೊಸಾಯಿಕ್, ನೀರು ಚೆಲ್ಲುವ ಅಡಿಗೆಮನೆಗೆ ಮತ್ತು ಬಚ್ಚಲಿಗೆ ಫರಸಿ ಎಂಬ ಹಂಚಿಕೆ ಸಾಮಾನ್ಯ. ಕಲಬುರಗಿ ಕಡೆಯ ಸುಣ್ಣಕಲ್ಲೇ ಒಂದು ಕಡೆ ಫರಸಿಯಾಗಿ ಕಾಲ ಕೆಳಗೆ, ಇನ್ನೊಂದು ಕಡೆ ಶಹಾಬಾದದ ಸಿಮೆಂಟಾಗಿ ತಲೆಯ ಮೇಲೆ ಬಂದಿರುವ ಮನೆಗಳೂ ಇವುಗಳಲ್ಲಿವೆ.

ಏಳನೆಯ ಹಂತ: ಮನೆಯವರೊಡನೆ ಮಾತು

ರಸ್ತೆಯಲ್ಲಿ ನಿಂತು ಮನೆಯನ್ನೇ ದಿಟ್ಟಿಸುವವರನ್ನು ಯಾರಾದರೂ ಅನುಮಾನದಿಂದಲೇ ನೋಡುತ್ತಾರೆ, ಈಗಂತೂ ಸೈಟು ಕೊಳ್ಳುವ ಏಜೆಂಟರೆಂದೇ ತಿಳಿಯುತ್ತಾರೆ. ಆದ್ದರಿಂದ ಫೋನು ಎತ್ತುವ ಮೊದಲು ಬಾಯಿ ತೆರೆಯುವುದು ಲೇಸು. ಅಂಗಳದಲ್ಲಿ ಹಿರಿಯರಿದ್ದರೆ ಗೇಟಿನ ಹೊರಗೇ ನಿಂತು, ‘ನಮಸ್ಕಾರ್ರಿ ಅಜ್ಜಾರ, ಹಳೇ ಆರ್‌ಸಿಸಿ ಮನಿ ನೋಡ್ಕೋತ ಹೊಂಟೀನ್ರಿ. ನಿಮ್ಮ ಮನಿ ಛಜ್ಜಾ ಭಾಳ ಚಂದ ಅದರಿ. ಹೊರಗಿಂದ ಒಂದ ಫೋಟೋ ತಕ್ಕೊಳ್ಳೇನ್ರಿ?’ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ. ಬೇಡವೆಂದರೆ ಮಾತು ಬೆಳೆಸದೆ ಮುಂದೆ ಸಾಗಬೇಕು. ರೈಲ್ವೆ, ಪೊಲೀಸ್, ಕೋರ್ಟು ಮತ್ತು ಆಸ್ಪತ್ರೆಯ ಆವರಣಗಳಲ್ಲಿ ಲಿಖಿತ ಅನುಮತಿಯಿಲ್ಲದೆ ಕ್ಯಾಮೆರಾ ತೆಗೆಯಬೇಡಿ. ವಿಶ್ವವಿದ್ಯಾಲಯದ ಆವರಣದಲ್ಲಿಯೂ ಗೇಟಿನಲ್ಲಿ ಹೇಳಿ ಹೋಗುವುದು ಒಳ್ಳೆಯದು.

ಮಾತಿಗೆ ಸಿಕ್ಕವರನ್ನು ‘ಮನೆ ಯಾವ ಇಸವಿಯದು’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಅಪರೂಪ. ‘ಸ್ಲ್ಯಾಬ್ ಯಾವಾಗ ಹಾಕಿದ್ರಿ’ ಎಂದು ಕೇಳಿ. ಸ್ಲ್ಯಾಬ್ ಹಾಕಿದ ದಿನ ಮನೆತನದ ನೆನಪಿನಲ್ಲಿ ಒಂದು ಹಬ್ಬ. ಆಳುಗಳಿಗೆ ಊಟ ಹಾಕಿದ್ದು, ಬುಟ್ಟಿ ಕೈಯಿಂದ ಕೈಗೆ ಸಾಗಿದ್ದು, ನಡುವೆ ಮಳೆ ಬಂದದ್ದು, ಆಗ ಯಾರ ಮದುವೆ ಗೊತ್ತಾಗಿತ್ತು ಎಂಬುದೆಲ್ಲ ಹೊರಬಂದು, ಇಸವಿ ತಾನಾಗಿ ಸಿಗುತ್ತದೆ. ಸಿಮೆಂಟು ಎಲ್ಲಿಂದ ತಂದರು, ಪರ್ಮಿಟ್ಟಿಗೆ ಎಷ್ಟು ಕಾದರು, ಗವಂಡಿ ಯಾವ ಊರಿನವನು, ನಕಾಶೆ ಬರೆದವರು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ಆಮೇಲೆ ಕೇಳಿ. ಮೂಲ ನಕಾಶೆ ಟ್ರಂಕಿನಲ್ಲಿದೆ ಎಂದು ಯಾರಾದರೂ ಹೇಳಿದರೆ ಮತ್ತೊಂದು ದಿನ ಗೊತ್ತುಮಾಡಿಕೊಂಡು ಬನ್ನಿ, ಅವಸರ ಮಾಡಬೇಡಿ.

ಎಂಟನೆಯ ಹಂತ: ದಾಖಲೆ

ಪ್ರತಿ ಮನೆಗೂ ನೋಟುಪುಸ್ತಕದ ಎದುರುಬದುರು ಎರಡು ಪುಟ ಕೊಡಿ. ಎಡಪುಟದಲ್ಲಿ ಮುಂಭಾಗದ ಕೈಚಿತ್ರ, ಬಲಪುಟದಲ್ಲಿ ಓಣಿ, ದಿಕ್ಕು, ಅಂತಸ್ತು, ಗೋಡೆಯ ವಸ್ತು, ಛಜ್ಜಾದ ಚಾಚು ಮತ್ತು ಅಂಚು, ಸರಳಿನ ಬಗೆ, ನೆಲ, ಮನೆಯವರು ಹೇಳಿದ್ದು. ಚಿತ್ರ ಬರೆಯಲು ಬಾರದು ಎನ್ನುವವರೇ ಚಿತ್ರ ಬರೆಯಬೇಕು, ಏಕೆಂದರೆ ಗೆರೆ ಎಳೆಯುವಾಗ ಕಣ್ಣಿಗೆ ಬೀಳುವುದು ಫೋಟೋದಲ್ಲಿ ಎಂದೂ ಸಿಗುವುದಿಲ್ಲ. ಫೋಟೋ ತೆಗೆಯುವಾಗ ರಸ್ತೆಯ ಆಚೆ ಬದಿಗೆ ಸರಿದು, ಅಗಲದ ಲೆನ್ಸು ಬಿಟ್ಟು ಸಾಮಾನ್ಯ ಲೆನ್ಸಿನಲ್ಲಿಯೇ, ಗೋಡೆಯ ನಿಂತ ಗೆರೆಗಳು ಓರೆಯಾಗದಂತೆ ಫೋನನ್ನು ನೆಟ್ಟಗೆ ಹಿಡಿಯಿರಿ. ಎದುರಿನಿಂದ ಒಂದು, ಮೂಲೆಯಿಂದ ಒಂದು, ಹತ್ತಿರದ ವಿವರಗಳದ್ದು ಮೂರು ನಾಲ್ಕು ಸಾಕು. ಮನೆಯೊಳಗಿನ ಜನ, ಗಾಡಿಯ ನಂಬರು, ಬೀಗ–ಚಿಲಕಗಳು ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳಿ, ಮಾಲೀಕರ ಹೆಸರನ್ನು ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬೇಡಿ.

ಪ್ಯಾರಾಪೆಟ್ಟಿನ ಮೇಲೆ ಗಿಲಾವಿನಲ್ಲೇ ಎತ್ತಿ ಬರೆದ ಮನೆಯ ಹೆಸರು ಮತ್ತು ಇಸವಿ ಇದ್ದರೆ ಕೆಲಸ ಹಗುರ. ಕೆಲವು ಕಡೆ ಇಸವಿ ಶಕವರ್ಷದಲ್ಲಿರುತ್ತದೆ. 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ, ಜನವರಿಯಿಂದ ಯುಗಾದಿಯೊಳಗಿನ ತಿಥಿಯಾದರೆ 79 ಕೂಡಿಸಬೇಕು. ಏನೂ ಇಲ್ಲದಿದ್ದರೆ ಕಾಗದಪತ್ರಗಳೇ ಗತಿ. ಮುಂಬಯಿ ಪ್ರಾಂತದ ಬಳುವಳಿಯಾದ ಸಿಟಿ ಸರ್ವೆ ಪದ್ಧತಿ ನಮ್ಮಲ್ಲಿ ಇರುವುದರಿಂದ ಪ್ರತಿ ಆಸ್ತಿಗೂ ಸಿ.ಟಿ.ಎಸ್. ನಂಬರು ಇರುತ್ತದೆ. ಮಾಲೀಕರು ತಮ್ಮ ಉತಾರ (ಆಸ್ತಿಯ ದಾಖಲೆ) ತೋರಿಸಿದರೆ ಜಾಗ ಯಾವಾಗ ಯಾರಿಂದ ಬಂತು ಎಂದು ತಿಳಿಯುತ್ತದೆ, ಅದು ಮನೆಯ ಇಸವಿಗೆ ಹಿಂದಿನ ಗಡಿ ಹಾಕಿಕೊಡುತ್ತದೆ. ಕಟ್ಟಡ ಪರವಾನಿಗೆ ಹುಡುಕುವವರು ಒಂದು ವಿಷಯ ಗಮನದಲ್ಲಿಡಬೇಕು: ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆ ಆದದ್ದು 1962ರಲ್ಲಿ, ಅದಕ್ಕೂ ಹಿಂದಿನ ಪರವಾನಿಗೆ ಎರಡು ಬೇರೆ ಬೇರೆ ನಗರಸಭೆಗಳ ಹೆಸರಿನಲ್ಲಿರುತ್ತದೆ.

ಈ ಮನೆಗಳಿಗೆ ಕಾನೂನಿನ ರಕ್ಷಣೆ ಸಿಗುವ ಕಾಲ ಇನ್ನೂ ಬಂದಿಲ್ಲ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಚೀನ ಸ್ಮಾರಕವೆನ್ನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ ನೂರು ವರ್ಷವಾದರೂ ಆಗಿರಬೇಕು. ಆದ್ದರಿಂದ ನೀವು ನೋಡಿಬಂದ ಮನೆಯ ಮುಂದೆ ಜೆಸಿಬಿ ಬಂದು ನಿಂತರೆ, ಮಾಲೀಕರನ್ನೋ ಗುತ್ತಿಗೆದಾರರನ್ನೋ ಕೇಳಿ ಒಂದು ಗಂಟೆ ಪಡೆಯಿರಿ. ಕತ್ತರಿಸಿದ ಸ್ಲ್ಯಾಬಿನ ದಪ್ಪ, ಸರಳಿನ ವ್ಯಾಸ, ಎರಡು ಸರಳಿನ ನಡುವಿನ ಅಂತರ, ಗೋಡೆಯ ಒಳಪದರ ಇವು ಆ ದಿನ ಮಾತ್ರ ಕಾಣುವ ಸಂಗತಿಗಳು. ಟೇಪು ಹಿಡಿದು ಅಳೆದು, ಅಳತೆಯ ಪಕ್ಕದಲ್ಲಿ ಟೇಪು ಕಾಣುವಂತೆ ಫೋಟೋ ತೆಗೆದು, ಅದೇ ಎರಡು ಪುಟಗಳಲ್ಲಿ ತಾರೀಕಿನೊಡನೆ ಸೇರಿಸಿ.